ಲೀಫ್ ಲಾರಿಯ ಎಡಗಡೆ ನಡೆದು ಬಂದದ್ದು

ಒಂದು ನಿಮಿಷ ಇಲ್ಲೇ ನಿಲ್ಲಿ. ಗಾಡಿ ಓಡಿಸುವವರಾದರೆ ಇದನ್ನು ಓದಿ ಮುಗಿಸಿ ಆಮೇಲೆ ಕೀಲಿ ತಿರುಗಿಸಿ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಗೂಡಲೂರು ಘಾಟಿನಲ್ಲಿ ಅದು ಕಂಡಿತು, ಇದು ಕೇಳಿಸಿತು ಅಂದರೆ ನಕ್ಕು, ‘ನಿಮ್ಮ ಹತ್ತಿರ ರೀಡಿಂಗ್ ಇದೆಯಾ?’ ಅಂತ ಕೇಳುತ್ತಿದ್ದೆ. ಈಗ ನನ್ನ ಹತ್ತಿರ ರೀಡಿಂಗ್ ಇದೆ. ಅದೇ ತೊಂದರೆ.

ನಾನು ಇಂಜಿನಿಯರಿಂಗ್ ಓದಿದವನಲ್ಲ. ಫೋನಿನಲ್ಲಿ ವಿಡಿಯೋ ನೋಡಿ, ಸಾಲ್ಡರಿಂಗ್ ಕಡ್ಡಿಯಿಂದ ಬೆರಳು ಸುಟ್ಟುಕೊಂಡು ಕಲಿತವನು. ನನ್ನ ಮಾಮ, ಅಂದರೆ ಅಮ್ಮನ ತಮ್ಮ, ನೀಲಗಿರಿಯ ನಡುವಟ್ಟಂ ಕಡೆ ಚಹಾ ಎಲೆ ಸಾಗಿಸುವ ಲಾರಿಯ ಡ್ರೈವರ್. ಲೀಫ್ ಲಾರಿ ಅನ್ನುತ್ತೇವೆ. ಎಲೆ ತುಂಬಿದ ಚೀಲಗಳನ್ನು ಮೇಲೆ ಮೇಲೆ ಪೇರಿಸಿದರೆ ಪಕ್ಕಕ್ಕೆ ಉಬ್ಬಿ, ಎಡಗಡೆಯ ಕನ್ನಡಿ ಅರ್ಧ ಮುಚ್ಚಿಹೋಗುತ್ತದೆ. ಆ ಕಡೆ ಒಬ್ಬ ಮನುಷ್ಯ ನಿಂತಿದ್ದರೂ ಬಲಗಡೆ ಕೂತ ಡ್ರೈವರಿಗೆ ಕಾಣುವುದಿಲ್ಲ.

ಮೂರು ವರ್ಷದ ಹಿಂದೆ ಹಾಗೇ ಆಗಿತ್ತು. ಎಲೆ ಕೀಳುವ ಸರಸಕ್ಕನ ಪಾದದ ಮೇಲೆ ಮಾಮನ ಲಾರಿಯ ಎಡಗಡೆ ಹಿಂದಿನ ಚಕ್ರ ಹತ್ತಿತು. ಎರಡು ಬೆರಳು ಹೋದವು. ಇನ್ನೊಂದು ಸಲ ಹೀಗಾದರೆ ಸ್ಟೇರಿಂಗ್ ಮುಟ್ಟಬೇಡ ಅಂತ ಲಾರಿ ಯಜಮಾನರು ಹೇಳಿದರು. ಅದಕ್ಕಿಂತ ಹೆಚ್ಚಾಗಿ, ಎಡಕ್ಕೆ ತಿರುಗಿಸುವಾಗಲೆಲ್ಲ ಮಾಮನ ಕೈ ನಡುಗತೊಡಗಿತ್ತು. ಅದನ್ನು ನೋಡಲಾಗದೆ ನಾನು, ಎಡಗಡೆ ಯಾರಾದರೂ ಇದ್ದರೆ ಕೂಗಿ ಎಚ್ಚರಿಸುವ ಒಂದು ಪೆಟ್ಟಿಗೆ ಮಾಡಲು ಕೂತೆ.

ಪೆಟ್ಟಿಗೆಗೆ ಮೂರು ಕಣ್ಣು. ಒಂದು ಶಬ್ದ ಕಳಿಸಿ ಅದು ವಾಪಸು ಬರುವ ಹೊತ್ತಿನಿಂದ ದೂರ ಅಳೆಯುತ್ತದೆ. ಇನ್ನೊಂದು ಸಣ್ಣ ರೇಡಾರ್, ಅದು ಅಲುಗಾಟ ಹಿಡಿಯುತ್ತದೆ. ಮೂರನೆಯದಕ್ಕೆ ಮೈಯ ಶಾಖ ಗೊತ್ತಾಗುತ್ತದೆ. ಒಂದೊಂದೇ ಆದರೆ ಮೂರೂ ಸುಳ್ಳು ಹೇಳುತ್ತವೆ. ಮಂಜಿಗೆ ಒಂದು ಮೋಸಹೋದರೆ, ಗಾಳಿಗೆ ಅಲ್ಲಾಡುವ ಗಿಡಕ್ಕೆ ಇನ್ನೊಂದು. ಅದಕ್ಕೆ ಕನಿಷ್ಠ ಎರಡು ಒಪ್ಪಿದರೆ ಮಾತ್ರ ಬಜರ್ ಕೂಗುವ ಹಾಗೆ ಮಾಡಿದೆ. ಲಾರಿಯ ಎಡಗಡೆ, ಬಾಗಿಲಿನ ಹಿಂದೆ ಕೂರಿಸಿದೆ. ಹಿಂದಿನ ಚಕ್ರದ ತನಕ ಅದಕ್ಕೆ ಕಾಣುತ್ತಿರಲಿಲ್ಲ. ಆ ಭಾಗ ಆಮೇಲೆ ಮಾಡೋಣ ಅಂದುಕೊಂಡಿದ್ದೆ.

ಅಲ್ಲಿಯ ತನಕ ಎಡಗಡೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವರು ಚೀಲ ಹೇರುವ ಲೋಡರ್ ಜೋಗಣ್ಣ. ಎಲೆ ತೂಗುವ ಶೆಡ್ಡಿನಿಂದ ದೊಡ್ಡ ರಸ್ತೆಯ ತನಕ ಕಚ್ಚಾ ದಾರಿ ಇದೆ. ಲಾರಿ ಮೆಲ್ಲಗೆ ಇಳಿಯುವಾಗ ಅವರು ಎಡಗಡೆ ನಡೆಯುತ್ತಾ ಬರುತ್ತಾರೆ. ಲಾರಿಯ ಮೈಗೆ ಅಂಗೈಯಿಂದ ಎರಡು ಸಲ ತಟ್ಟಿದರೆ ‘ಹೋಗು’, ಒಂದೇ ಸಲ ತಟ್ಟಿದರೆ ‘ನಿಲ್ಲು’. ಸರಸಕ್ಕನ ಕಾಲ್ಬೆರಳು ಹೋದ ದಿನ ಅವರು ರಜೆಯಲ್ಲಿದ್ದರು.

ಪೆಟ್ಟಿಗೆ ಹಾಕಿದ ದಿನ ಮಧ್ಯಾಹ್ನ ಮೂರು ಗಂಟೆಗೇ ಮಂಜು ಇಳಿದಿತ್ತು. ಹನಿ ಮಳೆ ಬೇರೆ. ನನಗೆ ಎಲ್ಲಿಲ್ಲದ ಉತ್ಸಾಹ. ‘ಜೋಗಣ್ಣ, ಇವತ್ತು ನೀವು ನಡೀಬೇಡಿ, ಒಳಗೆ ಕೂತ್ಕೊಳ್ಳಿ. ನಿಮ್ಮ ಕೆಲಸ ಪೆಟ್ಟಿಗೆ ಮಾಡುತ್ತೆ’ ಅಂದೆ. (ನಮ್ಮದು ಬಡಗ ಮಾತು. ನಿಮಗೆ ತಿಳಿಯಲಿ ಅಂತ ಹೀಗೆ ಬರೆಯುತ್ತಿದ್ದೇನೆ.)

‘ಹಂಗಾರೆ ನಾಳೆಯಿಂದ ನನ್ನ ಟೀನೂ ಅದಕ್ಕೇ ಕೊಡ್ತೀಯಾ?’ ಅಂದರು ಜೋಗಣ್ಣ.

‘ಟೀ ಕುಡಿದ್ರೆ ಅದು ಕೆಟ್ಟೋಗುತ್ತೆ. ನೀನು ಕೆಡೋ ಪೈಕಿ ಅಲ್ಲ, ಹತ್ತು’ ಅಂದರು ಮಾಮ.

ಹೀಗೆ ಮಾಮ ಬಲಗಡೆ, ಜೋಗಣ್ಣ ನಡುವೆ, ನಾನು ಎಡಗಡೆ ಕಿಟಕಿಯ ಪಕ್ಕ ಕೂತೆವು. ಶೆಡ್ ಬಿಟ್ಟು ಹತ್ತು ಅಡಿ ಇಳಿದಿರಲಿಲ್ಲ, ಬಜರ್ ಶುರುವಾಯಿತು. ಆಮೇಲೆ ನಿಲ್ಲಲೇ ಇಲ್ಲ.

‘ಪಕ್ಕದಲ್ಲಿ ಯಾರಿದ್ದಾರೆ, ಸರಿಯಾಗಿ ನೋಡು’ ಅಂದರು ಮಾಮ.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಬಿಳಿ ಮಂಜು, ಅದರೊಳಗೆ ಒದ್ದೆ ಚಹಾ ಗಿಡದ ಅಂಚು. ಕೈ ಚಾಚಿ ಆಡಿಸಿದೆ. ಏನೂ ತಗಲಲಿಲ್ಲ. ‘ಯಾರೂ ಇಲ್ಲ ಮಾಮ.’

‘ಮತ್ತೆ ಅದ್ಯಾಕೆ ಹಂಗೆ ಬಾಯಿ ಬಡ್ಕೊಳ್ತಿದೆ?’

‘ಮಂಜಿಗೆ’ ಅಂದೆ. ಅದು ಸುಳ್ಳು. ಮಂಜಿಗೆ ಒಂದು ಕಣ್ಣು ಮೋಸಹೋಗಬಹುದಿತ್ತು. ನನ್ನ ಮುಂದೆ, ಕಣ್ಣಿಗೆ ಒಂದರಂತೆ ಇಟ್ಟಿದ್ದ ಮೂರು ದೀಪಗಳೂ ಉರಿಯುತ್ತಿದ್ದವು. ನಾಚಿಕೆಯಾಗಿತ್ತು ನನಗೆ. ಮೊದಲ ದಿನವೇ ಕೆಟ್ಟಿತು ಅನ್ನಿಸಿಕೊಳ್ಳುವುದು ಬೇಡ ಅಂತ ಬಜರಿನ ವೈರ್ ಕಿತ್ತುಬಿಟ್ಟೆ.

ದೊಡ್ಡ ರಸ್ತೆಗೆ ಸೇರುವ ಮುಂಚೆ ಒಂದು ತಿರುವು ಇದೆ. ಲಾರಿ ಒಂದೇ ಸಲಕ್ಕೆ ತಿರುಗುವುದಿಲ್ಲ, ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋಗಬೇಕು. ಮಾಮ ರಿವರ್ಸ್ ಹಾಕಿದರು. ಲಾರಿ ಒಂದು ಗೇಣು ಹಿಂದೆ ಸರಿದಿರಬಹುದು.

ಎಡಗಡೆ ಹಿಂದೆ, ಲಾರಿಯ ಮೈಗೆ ಅಂಗೈಯಿಂದ ಒಂದೇ ಒಂದು ತಟ್ಟು.

ಮಾಮನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅಷ್ಟು ವರ್ಷದ ಅಭ್ಯಾಸ. ಲಾರಿ ನಿಂತ ಮೇಲೆ ಅವರು ಮೆಲ್ಲಗೆ ಎಡಕ್ಕೆ ತಿರುಗಿ ಜೋಗಣ್ಣನನ್ನು ನೋಡಿದರು. ಜೋಗಣ್ಣ ನಮ್ಮಿಬ್ಬರ ನಡುವೆ ಕೂತು ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

ನಾನು ಇಳಿದು ಹಿಂದಕ್ಕೆ ಓಡಿದೆ. ಎಡಗಡೆ ಹಿಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ಸರಸಕ್ಕ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಚೀಲ ಹರಿದು ಎಲೆ ಚೆಲ್ಲಿತ್ತು. ಎರಡೂ ಕೈಯಿಂದ ಬಾಚುತ್ತಿದ್ದರು.

‘ಅಕ್ಕ, ನೀವು ತಟ್ಟಿದ್ರಾ?’

‘ನಾನ್ಯಾಕೆ ತಟ್ಲಿ? ಜೋಗಣ್ಣ ತಟ್ಟಿದ್ರಲ್ಲ’ ಅಂದರು. ನನ್ನ ಮುಖ ನೋಡಿ, ‘ಅವರು ಪಕ್ಕದಲ್ಲಿ ನಡ್ಕೊಂಡು ಹೋಗ್ತಿದ್ರು ಅಂತಾನೇ ಧೈರ್ಯವಾಗಿ ಕೂತೆ, ತಂಬಿ. ಇಲ್ದಿದ್ರೆ ಈ ಲಾರಿ ಹಿಂದೆ ನಾನು ಕೂರ್ತೀನಾ?’ ಅಂದರು.

ಅಷ್ಟರಲ್ಲಿ ಜೋಗಣ್ಣ ಕ್ಯಾಬಿನ್ನಿನಿಂದ ಇಳಿದರು. ಅವರು ಇಳಿಯುವುದನ್ನು ಸರಸಕ್ಕ ನೋಡಿದರು. ಎಲೆ ಬಾಚಿ ಚೀಲಕ್ಕೆ ತುಂಬಿದೆವು.

ವೈರ್ ಕಿತ್ತದ್ದು ಬಜರಿನದು ಮಾತ್ರ. ಪೆಟ್ಟಿಗೆ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಮನೆಗೆ ಬಂದು ತೆರೆದು, ರೀಡಿಂಗುಗಳನ್ನು ಗೆರೆಯಾಗಿ ಬಿಡಿಸಿ ನೋಡಿದೆ. ಶೆಡ್ಡಿನಿಂದ ತಿರುವಿನ ತನಕ ಲಾರಿಯಿಂದ ಒಂದು ಕೈಯಳತೆ ದೂರದಲ್ಲಿ ಏನೋ ಇದೆ. ಲಾರಿ ನಿಧಾನವಾದರೆ ಅದೂ ನಿಧಾನ. ಶಾಖ ಮನುಷ್ಯನ ಮೈಯಷ್ಟು. ರೇಡಾರ್ ಹಿಡಿದದ್ದು ಹಿಂದೆ ಮುಂದೆ, ಹಿಂದೆ ಮುಂದೆ ಅನ್ನುವ ಅಲುಗಾಟ, ನಡೆಯುವಾಗ ಕೈ ಬೀಸಿದ ಹಾಗೆ. ತಿರುವಿನಲ್ಲಿ, ಮಾಮ ರಿವರ್ಸ್ ಹಾಕುವ ಸ್ವಲ್ಪ ಮುಂಚೆ, ಅದು ಹಿಂದಕ್ಕೆ ಸರಿದು ನನ್ನ ಪೆಟ್ಟಿಗೆಗೆ ಕಾಣದ ಕಡೆ ಹೋಗಿದೆ. ಚಕ್ರದ ಕಡೆ.

ಸೈಲೆನ್ಸರಿನ ಶಾಖ ಇರಬಹುದೇ ಅಂತ ನೋಡಿದೆ, ಅದು ಬಲಗಡೆ ಇದೆ. ಹಗ್ಗ ಜೋತಾಡುತ್ತಿತ್ತೇ ಅಂತ ಹಗ್ಗ ಕಟ್ಟಿ ನೋಡಿದೆ, ಆ ಗೆರೆ ಬರಲಿಲ್ಲ. ಬೇರೆ ಮಂಜಿನ ದಿನಗಳಲ್ಲಿ ಅದೇ ದಾರಿಯಲ್ಲಿ ಜೋಗಣ್ಣ ನಡೆದು ಬಂದಾಗ ಅದೇ ಗೆರೆ ಬರುತ್ತದೆ, ಹೆಚ್ಚು ಕಡಿಮೆ ಇಲ್ಲ. ಅವರನ್ನು ಇನ್ನೊಂದು ಸಲ ಒಳಗೆ ಕೂರಿಸಿ ನೋಡಬೇಕಿತ್ತು. ಅವರು ಒಪ್ಪಲಿಲ್ಲ. ‘ಆ ಜಾಗ ಖಾಲಿ ಬಿಡಬಾರದು’ ಅಂದರು, ಅಷ್ಟೇ.

ಈಗ ನನ್ನ ಸಂಕಟ ಕೇಳಿ. ಇಂಥ ಪೆಟ್ಟಿಗೆ ಮಾಡುವವರು ಅದರ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆಯುತ್ತಾರೆ: ಗಾಡಿಯ ಜೊತೆಗೇ, ಒಂದೇ ದೂರದಲ್ಲಿ ಬರುವುದನ್ನು ಗಾಡಿಯ ಭಾಗ ಅಂತ ತಿಳಿದು ಬಿಟ್ಟುಬಿಡು. ಬಜರ್ ಸುಮ್ಮನೆ ಕೂಗುವುದು ತಪ್ಪುತ್ತದೆ. ನಾನೂ ಆ ಸಾಲು ಬರೆದಿಟ್ಟು ಎರಡು ವರ್ಷವಾಯಿತು. ‘ಸರಿ ಮಾಡಿದ್ಯಾ?’ ಅಂತ ಮಾಮ ಕೇಳುತ್ತಲೇ ಇದ್ದಾರೆ. ಇನ್ನೂ ಅದನ್ನು ಪೆಟ್ಟಿಗೆಗೆ ಹಾಕಿಲ್ಲ. ಹಾಕಿದರೆ ಏನನ್ನು ಅಳಿಸುತ್ತೇನೆ ಅನ್ನುವುದು ನನಗೆ ಗೊತ್ತಿಲ್ಲ.

ನಿಮ್ಮ ಗಾಡಿಯ ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಇದ್ದಾರೆ ಅಂತ ಎಂದಾದರೂ ಎಚ್ಚರಿಕೆ ಬಂದಿದೆಯೇ? ಆಗ ನಿಲ್ಲಿಸಿದಿರಾ, ಇಲ್ಲ ನನ್ನ ಹಾಗೆ ವೈರ್ ಕಿತ್ತಿರಾ? ಕೆಳಗೆ ಬರೆಯಿರಿ. ಆ ಸಾಲನ್ನು ಹಾಕುವ ಮುಂಚೆ ನಾನು ಎಲ್ಲವನ್ನೂ ಓದುತ್ತೇನೆ.