ಮೂರು ಬಟ್ಟೆಯ ರೇವಣಸಿದ್ದಪ್ಪ

ಮಂಡಿ ರೇವಣಸಿದ್ದಪ್ಪನಿಗೆ ಮೂರು ಜೊತೆ ಬಟ್ಟೆ. ಕೊಬ್ಬರಿ ಮಂಡಿಯಲ್ಲಿ ಬನಿಯನ್, ಹನ್ನೊಂದಕ್ಕೆ ಪುರಸಭೆ ಅಧ್ಯಕ್ಷನ ಬಿಳಿ ಅಂಗಿ, ಡ್ಯೂಟಿ ಬಿದ್ದರೆ ಹೋಂ ಗಾರ್ಡ್ ಖಾಕಿ. ಒಂದು ಬಟ್ಟೆಯಲ್ಲಿದ್ದವನಿಗೆ ಇನ್ನೊಂದು ಬಟ್ಟೆಯವನ ಗುರುತೇ ಇರುತ್ತಿರಲಿಲ್ಲ.

ಹೋಂ ಗಾರ್ಡಿನಲ್ಲಿ ಅವನ ಮೇಲಿನವನು ಅವನದೇ ಮಂಡಿಯಲ್ಲಿ ಚೀಲ ಹೊರುವ ತಿಪ್ಪೇಸ್ವಾಮಿ. ವಾರವೆಲ್ಲ ಬೈಸಿಕೊಂಡ ತಿಪ್ಪೇಸ್ವಾಮಿ ಭಾನುವಾರ ಪರೇಡಿನಲ್ಲಿ, “ಹೊಟ್ಟೆ ಒಳಕ್ಕೆಳ್ಕಳ್ರಿ ಸಾವ್ಕಾರ್ರೆ,” ಎನ್ನುತ್ತಿದ್ದ. ಇವನು ಎಳೆದುಕೊಳ್ಳುತ್ತಿದ್ದ. ನನ್ನ ಹತ್ತಿರ ಸೊಪ್ಪು ಕೊಳ್ಳಲು ಬಂದಾಗ, ಈ ಬಿಸಿಲಿನ ಕರ್ಮ ನಿನಗ್ಯಾಕೆ ಎಂದು ಒಮ್ಮೆ ಕೇಳಿದೆ.

“ಮನೇಲಿ, ಮಂಡೀಲಿ ಎಲ್ಲಾ ನನ್ನ ಮಾತೇ ಕೇಳ್ತಾರೆ ಗಂಗಕ್ಕ. ವಾರಕ್ಕೊಂದಿನನಾದ್ರೂ ನಾನು ಇನ್ನೊಬ್ಬರ ಮಾತು ಕೇಳಬೇಕು. ಇಲ್ಲಾಂದ್ರೆ ಕಿವಿ ಹೋಗ್ತವೆ.”

ತೊಂಬತ್ತೇಳೋ ತೊಂಬತ್ತೆಂಟೋ ಇಸವಿ ಇರಬೇಕು. ಹೊಸದುರ್ಗದ ಬಸ್‌ಸ್ಟ್ಯಾಂಡ್ ಮುಂದೆ ಬಸ್ಸು ತಿರುಗಲು ಜಾಗವಿಲ್ಲ, ಸೊಪ್ಪಿನವರು ಏಳಬೇಕು ಎಂದು ಪುರಸಭೆಯಿಂದ ಕಾಗದ ಬಂತು. ಸಹಿ ಅವನದೇ. ಗಂಡ ಸತ್ತ ಮೇಲೆ ನನ್ನ ಮೂರು ಮಕ್ಕಳ ಊಟ ಹುಟ್ಟುತ್ತಿದ್ದದ್ದು ಅದೇ ಜಾಗದಲ್ಲಿ. ಬೆಳಗ್ಗೆ ಎಬ್ಬಿಸಲು ಬಂದ ಖಾಕಿಯವರಲ್ಲಿ ಅವನೂ ಇದ್ದ. ಬಾಯಿಗೆ ಬಂದಂತೆ ಬೈದೆ. ಅವನು ಬಗ್ಗಿ ನನ್ನ ಸೊಪ್ಪಿನ ಪುಟ್ಟಿ ಎತ್ತಿದ.

“ಡ್ಯೂಟೀಲಿ ಇದೀನಿ. ಅಧ್ಯಕ್ಷರಿಗೆ ಹೇಳೋದಿದ್ರೆ ಹನ್ನೊಂದಕ್ಕೆ ಆಫೀಸಿಗೆ ಹೋಗು.”

ಹೋದೆ. ಬಿಳಿ ಅಂಗಿಯಲ್ಲಿ ಕೂತಿದ್ದ. ಕುರ್ಚಿ ತೋರಿಸಿ ಏನಾಯಿತೆಂದು ಕೇಳಿದ, ಏನೂ ಗೊತ್ತಿಲ್ಲದವನ ಹಾಗೆ.

“ಒಬ್ಬ ಹೋಂ ಗಾರ್ಡು ನನ್ನ ಜಾಗ ಬಿಡಿಸಿದ. ಮೀಸೆ ನಿನ್ನಂಗೇ ಐತೆ,” ಎಂದೆ.

ಅವನು ನಗಲಿಲ್ಲ. “ಅವನು ಹೇಳಿದ ಕೆಲಸ ಮಾಡ್ಯಾನೆ. ಬೇರೆ ಜಾಗ ತೋರಿಸ್ದೆ ಸಹಿ ಹಾಕಿದ್ದು ಅಧ್ಯಕ್ಷನ ತಪ್ಪು ಕಣಕ್ಕ.”

ಸಂಜೆ ಮಂಡಿಯ ಹಗ್ಗ ಹಿಡಿದುಕೊಂಡು ಬಂದು ಬಸ್‌ಸ್ಟ್ಯಾಂಡಿನ ಕಾಂಪೌಂಡು ಗೋಡೆಯ ಪಕ್ಕ ತಾನೇ ಅಳೆದ. ಎಂಟು ದಿನಕ್ಕೆ ಹನ್ನೊಂದು ಚಪ್ಪಡಿ ಬಿದ್ದವು, ಹನ್ನೊಂದು ಹೆಂಗಸರಿಗೆ. ಅಲ್ಲಿನ ನಲ್ಲಿಯಿಂದ ಮೂರನೆಯದು ನನ್ನದು. ಚಪ್ಪಡಿ ದಾಟಿ ರಸ್ತೆಗೆ ಬರಬಾರದು, ಅದೊಂದೇ ಕರಾರು.

ದಾಟದೆ ವ್ಯಾಪಾರ ಆಗುತ್ತದೆಯೇ? ನನ್ನ ಪುಟ್ಟಿ ಯಾವಾಗಲೂ ಒಂದು ಗೇಣು ಮುಂದೆ. ಖಾಕಿಯಲ್ಲಿ ಬಂದರೆ ಮಾತಿಲ್ಲದೆ ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದ. ಬನಿಯನ್ನಿನಲ್ಲಿ ಬಂದರೆ ಅದೇ ಪುಟ್ಟಿಯಿಂದ ಸಬ್ಬಸಿಗೆ ಕೊಳ್ಳುತ್ತಿದ್ದ, ಗೇಣಿನ ಮಾತೇ ಇಲ್ಲ. ಅವನು ಅತ್ತ ಹೋದ ಮೇಲೆ ನಾನು ಮತ್ತೆ ಮುಂದಕ್ಕೆ ಎಳೆಯುತ್ತಿದ್ದೆ. ಹತ್ತು ವರ್ಷ ಹೀಗೇ ನಡೆಯಿತು. ಮಕ್ಕಳು ಮೂವರೂ ಒಂದು ದಡ ಸೇರಿದರು.

ಒಂದು ಬೆಳಗ್ಗೆ ರೇವಣಸಿದ್ದಪ್ಪ ಮಂಡಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಮನೆಯವರು ಬಿಳಿ ಅಂಗಿ ಹಾಕಿ ಕೂರಿಸಿ ಮೆರವಣಿಗೆ ತಂದರು. ಮುಂದೆ ದಾರಿ ಬಿಡಿಸುತ್ತ ಬಂದವನು ಖಾಕಿಯ ತಿಪ್ಪೇಸ್ವಾಮಿ. ನನ್ನ ಮುಂದೆ ನಿಂತು ಪುಟ್ಟಿಯ ಕಡೆ ನೋಡಿದ.

ನನ್ನ ಪುಟ್ಟಿ ಅವತ್ತೂ ಒಂದು ಗೇಣು ಮುಂದೆಯೇ ಇತ್ತು. ನಾನೇ ಹಿಂದಕ್ಕೆ ಎಳೆದುಕೊಂಡೆ.