ವಿಲ್ಬರ್ಟ್ ಬಾಸ್ ಕೊರೆಯದ ತೂತು

ಕುರ್ಚಿಯ ಕಾಲು ಕಡೆಯುವವನ ಕೈಗೂ ಚಂದದ ಹಸಿವಿರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಆ ಕುರ್ಚಿಗೆ ಬೆನ್ನು ಆನಿಸಿ ಕೂತ ನಾವು, ಅವನಿಗಿರುವುದು ಅನ್ನದ ಹಸಿವೊಂದೇ ಎಂದು ತೀರ್ಮಾನಿಸಿ ಹಾಯಾಗಿದ್ದೇವೆ.

ಕೊಲಂಬೊ ಪಕ್ಕದ ಮೊರಟುವ ಊರಿನ ವಿಲ್ಬರ್ಟ್ ಮೆಂಡಿಸ್ ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲುಗಳನ್ನು ಕಡೆದವನು. ಕುರ್ಚಿಯ ಕಾಲು, ಮಂಚದ ಕಾಲು, ಮೆಟ್ಟಿಲ ಬದಿಯ ಕಂಬ. ಕೊಲಂಬೊದಲ್ಲಿ ಮದುವೆಯಾದವರಲ್ಲಿ ಅರ್ಧ ಜನ ಮಲಗುವುದು ವಿಲ್ಬರ್ಟನ ಕಾಲ ಮೇಲೆ ಎಂದು ಗೆಳೆಯರು ನಗುತ್ತಿದ್ದರು. ಮರಗೆಲಸದವರನ್ನು ಅಲ್ಲಿ ಬಾಸ್ ಎಂದು ಕರೆಯುವುದು ಮರ್ಯಾದೆ. ಹೆಸರಿಗೆ ಬಾಸ್, ಅಷ್ಟೇ. ಕೆಲಸದ ಕೊಟ್ಟಿಗೆ, ಲೇತ್, ಮರ, ಲಾಭ ಎಲ್ಲ ಧಣಿ ಲಯನಲ್ ಮುದಲಾಳಿಯದು.

ಕಾಲು ಕಡೆಯುವವನ ಬದುಕಿನಲ್ಲಿ ಒಂಟಿ ವಸ್ತು ಎಂಬುದೇ ಇಲ್ಲ. ಒಂದು ಕಾಲು ಮುಗಿಯಿತೆಂದರೆ ಇನ್ನೂ ಮೂರು ಬಾಕಿ. ಲೇತಿನ ಹಿಂದೆ ಮೊಳೆಗೆ ನೇತುಹಾಕಿದ ಅಳತೆಪಟ್ಟಿಯೇ ಅಲ್ಲಿ ದೇವರು. ಉಬ್ಬು ಎಲ್ಲಿ, ತಗ್ಗು ಎಲ್ಲಿ, ಬಳೆ ಎಲ್ಲಿ ಎಂಬುದೆಲ್ಲ ಅದರ ಅಪ್ಪಣೆ. "ಒಂದು ಚೆನ್ನಾಗಿ ಬಂತು ಅಂದ್ರೆ ಮೂರು ಕೆಟ್ಟವು ಅಂತ ತಿಳ್ಕೋ" ಎಂಬುದು ವಿಲ್ಬರ್ಟನಿಗೆ ಅವನಪ್ಪ ಹೇಳಿಕೊಟ್ಟ ಮೊದಲ ಪಾಠ. ಅವನ ಕೈ ಆ ಪಾಠವನ್ನು ಮರೆಯಲೇ ಇಲ್ಲ. ಬೀದಿಯಲ್ಲಿ ಒಂಟಿ ಚಪ್ಪಲಿ ಬಿದ್ದಿದ್ದರೂ ಅದರ ಜೋಡಿಗಾಗಿ ಕಣ್ಣು ಹುಡುಕುತ್ತಿತ್ತು.

ಹೀಗಿರುವಾಗ ಗಾಲ್ ಕಡೆಯಿಂದ ಹಳೆಯ ಬೀರುವೊಂದು ರಿಪೇರಿಗೆ ಬಂತು. ಅದರ ಬುಡದ ಕಾಲುಗಳು ಕರಿಮರದವು, ಒಂದೊಂದೂ ಮನುಷ್ಯನ ತಲೆಯಷ್ಟು ದಪ್ಪ. ಎರಡು ಸೀಳಿದ್ದವು. ಈಗ ಕಾನೂನಿನಂತೆ ಕರಿಮರ ಕಡಿಯುವಂತಿಲ್ಲವಲ್ಲ, ಮುದಲಾಳಿ ಬೇರೆ ಮರಕ್ಕೆ ಕಪ್ಪು ಬಣ್ಣ ಬಳಿಸಿ ಕೂರಿಸಿದ. ಸೀಳಿದವು ಸೌದೆಯ ರಾಶಿಗೆ ಹೋದವು. ವಿಲ್ಬರ್ಟ್ ಅವನ್ನು ಎತ್ತಿಕೊಂಡ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಬುರುತ ಮರದ ಮುರಿದ ಮಂಚಗಾಲೊಂದಿತ್ತು. ಬುರುತ ಎಂದರೆ ತುಪ್ಪದಂಥ ಹಳದಿ, ಬೆಳಕು ಬಿದ್ದರೆ ರೇಷ್ಮೆಯ ಹಾಗೆ ಮಿರುಗುತ್ತದೆ. ಕೆಳಗೊಂದು ಕರಿ, ಮೇಲೊಂದು ಕರಿ, ನಡುವೆ ಓರೆಯಾಗಿ ಕತ್ತರಿಸಿದ ಹಳದಿ. ಮೂರನ್ನೂ ಅಂಟಿಸಿ ಬಿಗಿದು ಇಟ್ಟ.

ಕೊಟ್ಟಿಗೆಯ ಕೆಲಸ ಮುಗಿದ ಮೇಲೆ, ಮುದಲಾಳಿ ಮನೆಗೆ ಹೊರಟ ಮೇಲೆ, ಅದನ್ನು ಲೇತಿಗೆ ಏರಿಸುತ್ತಿದ್ದ. ಒಮ್ಮೆ ನೇರವಾಗಿ ಸಿಕ್ಕಿಸಿ ಕಡೆದ. ಆಮೇಲೆ ನಡುಬಿಂದುವನ್ನು ಎರಡು ಬೆರಳು ಆಚೆ ಸರಿಸಿ ಮತ್ತೆ ಕಡೆದ. ಮತ್ತೊಮ್ಮೆ ಸರಿಸಿದ. ನಡು ತಪ್ಪಿದ ಮರ ಲೇತಿನ ಮೇಲೆ ಹುಚ್ಚುಕುದುರೆ. ಉಳಿ ಒಂದು ಕ್ಷಣ ಗಾಳಿ ಕಡಿಯುತ್ತದೆ, ಮರುಕ್ಷಣ ಮರಕ್ಕೆ ಬಡಿಯುತ್ತದೆ. ತಿರುಗುವಾಗ ಕಾಣುವುದು ನೆರಳಿನ ಅಂಚು ಮಾತ್ರ. ಅದನ್ನೇ ನೋಡಿಕೊಂಡು ಕೈ ಒತ್ತಬೇಕು. ಕರಿಮರದ ದೂಳಿಗೆ ಸೀನಿದರೆ ಕರವಸ್ತ್ರ ಕಪ್ಪಾಗುತ್ತಿತ್ತು, ಬುರುತದ ದೂಳಿಗೆ ಮೊಣಕೈವರೆಗೂ ತುರಿಕೆ. ಎರಡು ಮರಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅವಸರ ಮಾಡಿದರೆ ಬೆಸುಗೆ ಬಾಯಿ ಬಿಡುತ್ತದೆ. ಹಾಗಾಗಿ ಸ್ವಲ್ಪ ಕಡೆದು, ಹೊಟ್ಟಿನ ರಾಶಿಯಲ್ಲಿ ಹೂತು, ತಿಂಗಳು ಬಿಟ್ಟು ಮತ್ತೆ ತೆಗೆಯುತ್ತಿದ್ದ. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು.

ಕೊನೆಗೆ ಉಪ್ಪುಕಾಗದ ಉಜ್ಜಿ, ಜೇನುಮೇಣ ತಿಕ್ಕಿ ನಿಲ್ಲಿಸಿದಾಗ ಅದು ಮೊಳದೆತ್ತರವಿತ್ತು. ಏನು ಎಂದು ಹೇಳಲು ಬರುವಂತಿರಲಿಲ್ಲ. ಗುಂಡಗಿನದರಿಂದಲೇ ಹುಟ್ಟಿತ್ತು, ಆದರೆ ಎಲ್ಲೂ ಗುಂಡಗಿರಲಿಲ್ಲ. ಕಪ್ಪಿನ ನಡುವೆ ಹಳದಿ ಒಂದು ಕಡೆ ಅಂಗೈಯಷ್ಟು ಅಗಲ, ತಿರುಗಿಸುತ್ತ ಹೋದರೆ ತೆಳುವಾಗಿ, ಇನ್ನೊಂದು ಕಡೆ ನೂಲಿನಷ್ಟಾಗಿ, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಅಗಲವಾಗುತ್ತಿತ್ತು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಅದಕ್ಕೆ ಅಳತೆಪಟ್ಟಿಯೂ ಇರಲಿಲ್ಲ. ವಿಲ್ಬರ್ಟನ ಕೈಯಿಂದ ಒಂಟಿಯಾಗಿ ಹುಟ್ಟಿದ್ದು ಅದೊಂದೇ.

ಪಕ್ಕದ ಲೇತಿನ ನಿಹಾಲ್ ಮೊದಲು ನೋಡಿದವನು. ಚಹಾದಂಗಡಿಯಲ್ಲಿ ಮೀನಿನ ಬನ್ನು ಮುರಿಯುತ್ತ ಎಲ್ಲರಿಗೂ ಕೇಳುವಂತೆ ಕೂಗಿದ: "ವಿಲ್ಬರ್ಟ್ ಅಯ್ಯಾ, ಅದು ಯಾವ ಕುರ್ಚಿ ಕಾಲು? ಕುಂಟರ ಸಂಘದೋರು ಹೇಳಿ ಮಾಡ್ಸಿದ್ರಾ?"

"ಮುಚ್ಕೊಂಡು ತಿನ್ನೋ."

"ಇಲ್ಲ, ತಿಳ್ಕೊಳ್ಳೋಣ ಅಂತ. ಅಂಥವು ನಾಲ್ಕಾದ್ರೆ ಕೂರೋದಲ್ಲ, ಸರ್ಕಸ್ಸೇ!"

ಅಂಗಡಿಯವನೂ ನಕ್ಕ. ವಿಲ್ಬರ್ಟ್ ಬೆಲ್ಲದ ಚೂರು ಕಚ್ಚಿ ಚಹಾ ಕುಡಿದ. ಮನೆಯಲ್ಲಿ ಹೆಂಡತಿ ಮ್ಯಾಗ್ಲಿನ್ ಇನ್ನೂ ಒಂದು ಕೈ ಮೇಲೆ. "ಶಿರೋಮಿ ಅಪ್ಪಾ, ಒಂದೂಮುಕ್ಕಾಲು ವರ್ಷ ಹೊತ್ತು ಹೆತ್ತಿದ್ದೀರಲ್ಲ, ಗಂಡೋ ಹೆಣ್ಣೋ?" ಎಂದು ಮಗಳ ಹೆಸರು ಹಿಡಿದು ಕರೆದು ಕೇಳಿದಳು. ಸಂಬೋಲ ಚಟ್ನಿಗೆ ತೆಂಗಿನಕಾಯಿ ತುರಿಯುವ ಮಣೆಯ ಕಾಲು ಅಲ್ಲಾಡುತ್ತಿದೆ, ಅದನ್ನು ಸರಿಮಾಡಲು ಇವರಿಗೆ ಪುರುಸೊತ್ತಿಲ್ಲ ಎಂಬುದು ಅವಳ ನ್ಯಾಯವಾದ ದೂರು.

ಆ ವರ್ಷ ಕೊಲಂಬೊದ ಕರಕುಶಲ ಪ್ರದರ್ಶನಕ್ಕೆ ಸಾಮಾನು ಆರಿಸಲು ದಿಲ್ರುಕ್ಷಿ ಎಂಬ ಹೆಣ್ಣುಮಗಳು ಲಯನಲ್ ಮುದಲಾಳಿಯ ಅಂಗಡಿಗೆ ಬಂದಳು. ಕುರ್ಚಿ, ಪೆಟ್ಟಿಗೆ ಎಲ್ಲ ನೋಡಿ ಮುಗಿಸಿ, ಕೊಟ್ಟಿಗೆಯ ಕಿಟಕಿಯಲ್ಲಿದ್ದ ಆ ವಸ್ತುವಿನ ಮುಂದೆ ನಿಂತಳು. ಮುಟ್ಟಿದಳು. ಹಳದಿಯ ದಾರಿ ಹಿಡಿದು ಬೆರಳು ಒಂದು ಸುತ್ತು ಹೋಗಿ ಬಂತು. ವಿಲ್ಬರ್ಟ್ ಅವಳ ಬೆರಳನ್ನೇ ನೋಡುತ್ತಿದ್ದ. ನೂಲಿನಷ್ಟಾಗುವ ಜಾಗದಲ್ಲಿ ಅದು ತಾನಾಗಿ ನಿಧಾನವಾಯಿತು. ಅಷ್ಟು ಸಾಕಾಗಿತ್ತು ಅವನಿಗೆ.

"ಬಾಸ್, ಎಷ್ಟು ಚೆನ್ನಾಗಿದೆ ಇದು! ಏನಿದು?"

"ಏನೂ ಅಲ್ಲ, ನೋನಾ." ಮೇಡಂ ಅನ್ನುವುದಕ್ಕೆ ಅಲ್ಲಿ ನೋನಾ.

"ಅಂದ್ರೆ, ಯಾತಕ್ಕೆ ಉಪಯೋಗ?"

"ನೋಡೋದಕ್ಕೆ."

ಮುದಲಾಳಿ ನಗುತ್ತ ನಡುವೆ ಬಂದ. "ನಮ್ಮ ಬಾಸ್‌ಗೆ ವಯಸ್ಸಾಯ್ತು ನೋನಾ, ಬೇಜಾರು ಮಾಡ್ಕೋಬೇಡಿ."

ದಿಲ್ರುಕ್ಷಿ ನಗಲಿಲ್ಲ. "ಇದು ಪ್ರದರ್ಶನಕ್ಕೆ ಬರ್ಲೇಬೇಕು. ಆದ್ರೆ ಕೆಳಮಹಡಿ ಕುಶಲಕರ್ಮಿಗಳದು ಬಾಸ್. ಅಲ್ಲಿಡೋ ವಸ್ತುಗೆ ಒಂದು ಉಪಯೋಗ ಇರ್ಬೇಕು, ಅದು ನಿಯಮ. ನಡುವೆ ಒಂದು ತೂತು ಕೊರೆದು ವೈರ್ ಬಿಟ್ಬಿಡಿ. ದೀಪದ ಕಂಬ ಅಂತ ಸೇರಿಸ್ಕೋತೀನಿ."

ಪ್ರದರ್ಶನ ನಡೆಯುವ ಆ ಕಟ್ಟಡದ ಮೇಲ್ಮಹಡಿಯನ್ನು ವಿಲ್ಬರ್ಟ್ ಬಲ್ಲ. ಹಿಂದೊಮ್ಮೆ ಅಲ್ಲಿಗೆ ಪೀಠಗಳನ್ನು ಕಡೆದುಕೊಟ್ಟು ತಾನೇ ಹೊತ್ತು ಇಟ್ಟು ಬಂದಿದ್ದ. ಅವುಗಳ ಮೇಲೆ ಕಲಾವಿದರ ವಸ್ತುಗಳಿದ್ದವು: ಒಂದು ಸುಟ್ಟ ದಿಮ್ಮಿ, ಒಂದು ತಿರುಚಿದ ಕಬ್ಬಿಣ. ಅವನಿಗೆ ಆ ದಿಮ್ಮಿ ಇಷ್ಟವಾಗಿತ್ತು.

"ಮೇಲ್ಮಹಡೀಲಿ ಇರ್ತವಲ್ಲ ನೋನಾ, ಅವು ಯಾತಕ್ಕೆ ಉಪಯೋಗ?" ಎಂದು ಕೇಳಿದ. ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು.

ಅವಳ ಮುಖ ಕೆಂಪಾಯಿತು. "ಅದು... ಅವರು ಅದನ್ನೇ ಓದಿ ಬಂದಿರೋ ಕಲಾವಿದರು, ಬಾಸ್. ಅಲ್ಲೀದು ನನ್ನ ಕೈಯಲ್ಲಿಲ್ಲ."

ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಒಳ್ಳೆಯ ಮನಸ್ಸಿನಿಂದಲೇ ಆಕೆ ಒಂದು ದಾರಿ ತೋರಿಸಿದಳು, ಆ ದಾರಿ ತೂತಿನೊಳಗೆ ಹಾದುಹೋಗುತ್ತಿತ್ತು. ಉಳ್ಳವರ ಮನೆಯ ಹುಡುಗ ಮಾಡಿದ ನಿರುಪಯೋಗಿ ವಸ್ತುವಿಗೆ ಕಲೆ ಎಂದು ಹೆಸರು. ಕೂಲಿಯವನು ಮಾಡಿದ ನಿರುಪಯೋಗಿ ವಸ್ತುವಿಗೆ ಸೌದೆ ಎಂದು ಹೆಸರು. ಈ ಎರಡು ಹೆಸರಿನ ನಡುವೆ ಇರುವುದು ಒಂದು ಮೆಟ್ಟಿಲ ಸಾಲು. ಆ ಮೆಟ್ಟಿಲ ಬದಿಯ ಕಂಬ ಕಡೆದವನನ್ನು ಮಾತ್ರ ಅದರ ಮೇಲೆ ಹತ್ತಗೊಡುವುದಿಲ್ಲ.

ಆಕೆ ಹೋದದ್ದೇ ಮುದಲಾಳಿಯ ತಲೆ ಓಡಿತು. ಪರಿಚಯದ ಹೋಟೆಲಿನವರಿಗೆ ಅದರ ಫೋಟೊ ಕಳಿಸಿದ. ಎರಡೇ ದಿನಕ್ಕೆ ಉತ್ತರ ಬಂತು. "ಬಾಸ್, ಅದೃಷ್ಟ ಕುದುರ್ತು! ಕೋಣೆಗೊಂದು ದೀಪ, ನಲವತ್ತು ಬೇಕಂತೆ. ಕರಿಮರ ಬೇಡ, ಬಣ್ಣ ಹಾಕಿದ್ರೆ ಸಾಕು. ಇದಕ್ಕೆ ತೂತು ಹಾಕಿ ಮಾದರಿ ಕೊಡು, ಅಳತೆಪಟ್ಟಿ ಮಾಡ್ಕೋ. ಪ್ರದರ್ಶನಕ್ಕೂ ಆಯ್ತು, ಹೋಟೆಲ್‌ಗೂ ಆಯ್ತು."

ವಿಲ್ಬರ್ಟ್ ಆಗಲೆಂದು ತಲೆಯಾಡಿಸಿದ. ಇಷ್ಟು ವರ್ಷ ತಲೆಯಾಡಿಸಿದ ಕುತ್ತಿಗೆ, ತಾನಾಗಿಯೇ ಆಡಿತು.

ಭಾನುವಾರ ಕೊಟ್ಟಿಗೆ ಖಾಲಿ. ಪೂಜೆ ಮುಗಿಸಿ ಚರ್ಚಿನಿಂದ ನೇರವಾಗಿ ಬಂದ ವಿಲ್ಬರ್ಟ್ ಅದನ್ನು ಲೇತಿಗೆ ಸಿಕ್ಕಿಸಿ, ಬುಡದ ಕಡೆಯಿಂದ ಉದ್ದ ಬೈರಿಗೆ ಹಿಡಿದ. ದೀಪದ ಕಂಬಕ್ಕೆ ತೂತು ಕೊರೆಯುವುದು ಅವನಿಗೆ ಕಣ್ಣುಮುಚ್ಚಿ ಮಾಡುವ ಕೆಲಸ. ಸ್ವಲ್ಪ ಕೊರೆದು ಬೈರಿಗೆ ಹೊರಗೆಳೆದು ಪುಡಿ ಝಾಡಿಸಬೇಕು, ಮತ್ತೆ ಒಳಗೆ. ಬೈರಿಗೆ ತಾಗಿತು. ಹೊರಗೆಳೆದ. ಕಪ್ಪು ಪುಡಿ ಅಂಗೈಗೆ ಬಿತ್ತು. ಇನ್ನು ನಾಲ್ಕೈದು ಸಲ ಎಳೆದರೆ ಹಳದಿ ಪುಡಿ ಬರುತ್ತದೆ ಎಂದು ಕೈಗೆ ಗೊತ್ತಿತ್ತು. ಆ ಕೈ ನಿಂತುಬಿಟ್ಟಿತು. ಲೇತ್ ಸುಮ್ಮನೆ ತಿರುಗುತ್ತಿತ್ತು.

ಊಟಕ್ಕೆ ಕರೆಯಲು ಬಂದ ಮ್ಯಾಗ್ಲಿನ್ ಬಾಗಿಲಲ್ಲಿ ನಿಂತಿದ್ದಳು. "ಏನಾಯ್ತು? ಬೈರಿಗೆ ಮುರೀತಾ?"

"ಇಲ್ಲ."

"ಮತ್ತೆ?"

"ಒಳಗೇನಿದೆ ಮ್ಯಾಗ್ಲಿನ್, ಬರೀ ಮರ. ಆದ್ರೂ ಒಳಗೆ ಹೋಗೋಕೆ ಮನಸ್ಸು ಬರ್ತಿಲ್ಲ."

ಅವಳು ಹತ್ತಿರ ಬಂದು ಲೇತ್ ಆರಿಸಿದಳು. ಮದುವೆಯಾದಂದಿನಿಂದ ಆ ಗುಂಡಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು. "ಅವರಿಗೆ ನಲವತ್ತು ಬೇಕಂದ್ರೆ ನಲವತ್ತು ಮಾಡ್ಕೊಡಿ. ಇದನ್ಯಾಕೆ ನಲವತ್ತೊಂದನೇದು ಮಾಡ್ತೀರಿ?"

ಸೋಮವಾರ ಬೆಳಿಗ್ಗೆ ವಿಲ್ಬರ್ಟ್ ಮುದಲಾಳಿಯ ಮುಂದೆ ನಿಂತ. "ದೀಪ ಬೇಕಾದ್ರೆ ಬೇರೆ ಚಂದದ ಆಕಾರ ತೆಗೆದು ಕೊಡ್ತೀನಿ, ಮುದಲಾಳಿ. ಇದನ್ನ ಕೊಡಲ್ಲ."

"ಅವರಿಗೆ ಇದೇ ಬೇಕು ಕಣಯ್ಯಾ!"

"ಇದು ಒಂದೇ."

"ನನ್ನ ಲೇತ್, ನನ್ನ ಕರೆಂಟು, ನನ್ನ ಸೌದೆ. ಅದ್ಹೇಗೆ ನಿಂದಾಯ್ತು?"

ವಿಲ್ಬರ್ಟ್ ಸೌದೆಯ ಬೆಲೆಯನ್ನೂ ಕರೆಂಟಿನ ಬೆಲೆಯನ್ನೂ ಮೇಜಿನ ಮೇಲಿಟ್ಟು, ಅದನ್ನು ಎದೆಗವಚಿಕೊಂಡು ಮನೆಗೆ ನಡೆದ. ಮುದಲಾಳಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಅಂಥ ಕೈ ಬೇರೆಲ್ಲಿ ಸಿಗುತ್ತದೆ? ಆದರೆ ಫೋಟೊ ನೋಡಿಕೊಂಡು ದೀಪ ಮಾಡುವ ಕೆಲಸ ನಿಹಾಲನಿಗೆ ಹೋಯಿತು. ಅವನು ನಡುಬಿಂದು ಸರಿಸದೆ, ನೆಟ್ಟಗೆ ಕಡೆದು, ಹಳದಿಯನ್ನು ಬಣ್ಣದಲ್ಲಿ ಬಳಿದ. ಹೋಟೆಲಿನವರಿಗೆ ಸಂತೋಷವಾಯಿತು. ಪ್ರದರ್ಶನಕ್ಕೂ ಅವುಗಳಲ್ಲೊಂದು ಹೋಯಿತು. ಚಹಾದಂಗಡಿಯಲ್ಲಿ ನಿಹಾಲ್ ಈಗ ತಮಾಷೆ ಮಾಡುವುದಿಲ್ಲ. ವಿಲ್ಬರ್ಟನ ಎದುರು ಕೂರದೆ ಪಕ್ಕಕ್ಕೆ ತಿರುಗಿ ಕೂರುತ್ತಾನೆ. ಅದೊಂದು ನಾಚಿಕೆಯನ್ನಾದರೂ ಅವನು ಉಳಿಸಿಕೊಂಡಿದ್ದಾನೆ, ಅಷ್ಟು ನಮಗೂ ಇದ್ದಿದ್ದರೆ ಸಾಕಿತ್ತು.

ವಸ್ತು ಮನೆಯಲ್ಲಿದೆ, ಸಂತ ಸೆಬೆಸ್ತಿಯಾನರ ಪಟದ ಕೆಳಗಿನ ಹಲಗೆಯ ಮೇಲೆ. ಎತ್ತಿ ನೋಡಿದರೆ ಬುಡದಲ್ಲಿ ಒಂದು ಚಿಕ್ಕ ಗುಳಿ. ಬೈರಿಗೆ ಅಲ್ಲಿಗೆ ನಿಂತದ್ದು. ಮೊದಮೊದಲು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು: ಏನಿದು, ಯಾತಕ್ಕೆ, ಹೂದಾನಿಯಾ, ಮಾರಿದರೆ ಎಷ್ಟು ಬರುತ್ತೆ? ಉತ್ತರ ಹೇಳಿ ಹೇಳಿ ಸಾಕಾಗಿ ವಿಲ್ಬರ್ಟ್ ಅದರ ಮೇಲೊಂದು ಹಳೆಯ ಬಟ್ಟೆ ಮುಚ್ಚಿದ. ಮರ ಕಡೆಯಲು ಹೆದರದವನು ಒಂದು ಪ್ರಶ್ನೆಗೆ ಹೆದರಿದ.

ಶನಿವಾರ ಮನೆ ಗುಡಿಸುವಾಗ ಮ್ಯಾಗ್ಲಿನ್ ಬಟ್ಟೆ ತೆಗೆದು ದೂಳು ಒರೆಸಿ, ಮತ್ತೆ ಮುಚ್ಚುವ ಮುನ್ನ ಅದನ್ನು ಒಂದಿಷ್ಟು ತಿರುಗಿಸಿ ಇಡುತ್ತಾಳೆ. ಈ ವಾರ ಅಗಲದ ಹಳದಿ, ಮುಂದಿನ ವಾರ ನೂಲಿನಷ್ಟು. ಭಾನುವಾರ ಚರ್ಚಿಗೆ ಹೊರಡುವ ಮೊದಲು ಅವನು ಬಟ್ಟೆಯ ಅಂಚು ಎತ್ತಿ, ಈ ಸಲ ಯಾವ ಮಗ್ಗುಲು ಎಂದು ನೋಡುತ್ತಾನೆ.

ನಿಮ್ಮ ಬೀದಿಯಲ್ಲೂ ಒಬ್ಬ ಬಡಗಿ ಇದ್ದಾನೆ, ಒಬ್ಬ ಕಮ್ಮಾರ, ಒಬ್ಬಳು ಬುಟ್ಟಿ ಹೆಣೆಯುವವಳು. ಅವರ ಮನೆಯ ಮೂಲೆಯಲ್ಲೂ ಬಟ್ಟೆ ಮುಚ್ಚಿದ್ದೊಂದು ಇದ್ದೀತು. ಮುಂದಿನ ಸಲ ಬಾಗಿಲಿನ ತಿರುಗಣಿ ಸರಿಮಾಡಿಸಲು ಹೋದಾಗ ಕೂಲಿ ಚೌಕಾಸಿ ಮಾಡುವ ಬಾಯಲ್ಲೇ ಕೇಳಿ: ನಿಮಗೋಸ್ಕರ ಏನು ಮಾಡಿಟ್ಟುಕೊಂಡಿದ್ದೀರಿ? ತೋರಿಸಿದರೆ ಸುತ್ತು ಬಂದು ನೋಡಿ. ಯಾತಕ್ಕೆ ಎಂದು ಮಾತ್ರ ಕೇಳಬೇಡಿ.