ಆಸಿಡ್ ಕುಡಿದ ತೊಟ್ಟಿ

ಹೋಟೆಲಿನ ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧಿ ಮಾಡುವ ಪ್ಲಾಂಟ್ ನಡೆಸುತ್ತಿದ್ದವಳಿಗೆ ಎಲ್ಲರೂ ಇಟ್ಟ ಹೆಸರು ಸಿಡುಕಿ. ಹೆಸರಿಗೆ ತಕ್ಕ ಹಾಗೇ ಇದ್ದಳು. ಮೆಟ್ಟಿಲಿಳಿದು ಬಂದವರು ಮೂಗು ಮುಚ್ಚಿಕೊಂಡರೆ, "ಇದು ನಿಮ್ಮದೇ, ನಮ್ಮನೆಯಿಂದ ಹೊತ್ಕೊಂಡು ಬಂದಿಲ್ಲ" ಎನ್ನುತ್ತಿದ್ದಳು.

ಅವಳಿಗಿದ್ದ ಅಷ್ಟೋ ಇಷ್ಟೋ ಪ್ರೀತಿಯೆಲ್ಲ ತೊಟ್ಟಿಗೆ ಮೀಸಲು. ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ಅವಳು ಹುಳ ಎಂದು ಕರೆಯುತ್ತಿದ್ದಳು. ಹುಳ ಹೊಲಸು ತಿನ್ನಬೇಕು; ತೊಟ್ಟಿಯಲ್ಲಿ ಮುಳುಗಿಸಿಟ್ಟ ಪೊರೆಯ ಹಾಳೆಗಳಲ್ಲಿ ನೀರು ಸೋಸಿ ತಿಳಿಯಾಗಬೇಕು; ಆಮೇಲೆ ಅದೇ ನೀರು ಫ್ಲಶ್ಶಿಗೂ ಗಿಡಗಳಿಗೂ ಹೋಗಬೇಕು. ತೊಟ್ಟಿ ಕಂದು ಬಣ್ಣಕ್ಕಿದ್ದು ಹಸಿಮಣ್ಣಿನ ವಾಸನೆ ಬಂದರೆ ಆ ದಿನ ಅವಳು ಯಾರನ್ನೂ ಬೈಯುತ್ತಿರಲಿಲ್ಲ.

ಅವಳ ಗಂಡನ ಅಣ್ಣನ ಹೆಂಡತಿ, ಅಂದರೆ ಓರಗಿತ್ತಿ, ಅದೇ ಹೋಟೆಲಿನಲ್ಲಿ ಕ್ಲೀನಿಂಗ್ ಸೂಪರ್‌ವೈಸರ್. ಆ ಕೆಲಸ ಕೊಡಿಸಿದವಳು ಸಿಡುಕಿಯೇ. ಹಾವಿಗೆ ಹಾಲೆರೆದ ಹಾಗಾಯಿತು. "ಕೊಳಚೆ ಕಲಸೋ ಕೈಯಿಂದ ಬಡಿಸಿದ್ದು ನನಗೆ ಗಂಟಲಲ್ಲಿ ಇಳಿಯಲ್ಲ" ಎಂದು ಅತ್ತೆಯ ಮುಂದೆಯೇ ಓರಗಿತ್ತಿ ತಟ್ಟೆ ತಳ್ಳಿ ಎದ್ದಳು. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಸಿಡುಕಿ ಮಾಡಿದ ತಪ್ಪು ಒಂದೇ. "ಅಕ್ಕಾ, ಟಾಯ್ಲೆಟ್ಟಿಗೆ ಆಸಿಡ್ ಕಮ್ಮಿ ಹಾಕ್ಸಿ. ಹುಳ ಸತ್ರೆ ಪ್ಲಾಂಟ್ ಮುಚ್ತಾರೆ, ನನ್ನ ಕೆಲಸಾನೂ ಹೋಗುತ್ತೆ" ಎಂದುಬಿಟ್ಟಳು. ತನ್ನನ್ನು ಮುಳುಗಿಸುವ ದಾರಿಯನ್ನು ಹಗೆಗೆ ತಾನೇ ತೋರಿಸಿಕೊಟ್ಟಳಲ್ಲ! ಮರುವಾರ ಎಲ್ಲ ಮಹಡಿಗಳಿಂದಲೂ ಆಸಿಡ್ ಧಾರಾಳವಾಗಿ ಇಳಿಯಿತು. ತೊಟ್ಟಿ ಕಪ್ಪಿಟ್ಟಿತು, ಪೊರೆಯ ಹಾಳೆಗಳು ಕಟ್ಟಿಕೊಂಡು ನೀರು ಸೋಸುವುದು ನಿಂತಿತು, ನಾತ ರಿಸೆಪ್ಷನ್‌ವರೆಗೆ ಹತ್ತಿತು. ಸಿಡುಕಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತಳು.

ಮ್ಯಾನೇಜರ್ ಕರ್ಚೀಫು ಹಿಡಿದು ಇಳಿದು ಬಂದ. "ವಾರದೊಳಗೆ ಸರಿಹೋಗ್ಬೇಕು. ಇಲ್ದಿದ್ರೆ ನೀವು ಹೊರಡಿ."

"ಮೊದಲು ಮೇಲಿಂದ ಆಸಿಡ್ ನಿಲ್ಲಿಸಿ ಸಾರ್. ಸುರಿಸ್ತಿರೋದು ನಮ್ಮ ಅಕ್ಕಾನೇ."

ಓರಗಿತ್ತಿಯನ್ನು ಕರೆಸಿದರು. ಅವಳು ಅಳುಕಲಿಲ್ಲ. "ಹೌದು, ಸುರಿಸ್ದೆ. ಇವಳು ತೊಲಗ್ಲಿ ಅಂತಾನೇ ಸುರಿಸ್ದೆ!"

"ಕೆಡಿಸಿದವರೇ ಸರಿಮಾಡಿ," ಎಂದ ಮ್ಯಾನೇಜರ್. "ಇವತ್ತಿಂದ ನಿಮಗೆ ಕೆಲಸ ಇಲ್ಲೇ, ಇವರ ಕೈಕೆಳಗೆ."

"ಬೇಡ ಸಾರ್!" ಸಿಡುಕಿ ಕೂಗಿದಳು. "ಮನೇಲಿ ಮುಖ ನೋಡೋದೇ ಸಾಕಾಗಿದೆ."

ಮ್ಯಾನೇಜರ್ ಆಗಲೇ ಮೆಟ್ಟಿಲು ಹತ್ತಿದ್ದ. ಬೇರೆ ಪ್ಲಾಂಟಿನಿಂದ ಹುಳ ತುಂಬಿದ ಜೀವಂತ ಕೆಸರು ತಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ತೊಟ್ಟಿಗೆ ಹಾಕಬೇಕಿತ್ತು. ಅದಕ್ಕೂ ಮೊದಲು ಪೊರೆ ತೊಳೆಯಬೇಕಿತ್ತು. ಇಬ್ಬರೂ ಸೇರಿ ಪೊರೆಯ ಹಾಳೆಗಳ ಚೌಕಟ್ಟನ್ನು ತೊಟ್ಟಿಯಿಂದ ಎತ್ತಿದರು. ಓರಗಿತ್ತಿ ಅಭ್ಯಾಸಬಲದಿಂದ ಬ್ರಷ್ಷಿಗೆ ಕೈ ಹಾಕಿದಳು. ಸಿಡುಕಿ ಅದನ್ನು ಕಸಿದು ಮೂಲೆಗೆಸೆದು ನೀರಿನ ಪೈಪು ಕೈಗಿಟ್ಟಳು. ಓರಗಿತ್ತಿಯನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಉಜ್ಜಬೇಡ, ಮೆಲ್ಲಗೆ ನೀರು ಬಿಡು. ಪೊರೆ ಹರೀತೋ, ನಿನ್ನ ಚರ್ಮ ಸುಲಿದು ಇಲ್ಲಿ ಕಟ್ತೀನಿ."